ಮೀನು ಮಾರುವ ಹೆಂಗಸರು ಆಡಿದ ಗಾಲ್ಫ್

ಗಾಲ್ಫ್ ಅಂದ್ರೆ ನಮ್ಮ ಕ್ಯಾಂಪಿನಲ್ಲಿ ಒಂದೇ ಮಾತು: "ಅದು ದುಡ್ಡಿದ್ದ ಗಂಡಸರ ಆಟ ಮಾರಾಯ, ನಮಗ್ಯಾಕೆ?" ದುಬೈಯಲ್ಲಿ ಕೂತು ನೋಡಿದ್ರೆ ಆ ಮಾತು ಸರಿ ಅಂತಲೇ ಕಾಣುತ್ತೆ. ನಾವು ಹುಲ್ಲಿಗೆ ನೀರು ಬಿಡುವವರು, ಕೇಬಲ್ ಎಳೆಯುವವರು, ಆಡುವವರು ಬೇರೆ. ಆದರೆ ಈ ಆಟದ ಹಳೇ ದಾಖಲೆ ತೆಗೆದು ನೋಡಿದರೆ, ಹೆಂಗಸರಿಗೆ ಅಂತ ಇಟ್ಟ ಮೊದಲ ಸ್ಪರ್ಧೆ ಸಿಗುವುದು ಅರಮನೆಯಲ್ಲಿ ಅಲ್ಲ, ಮೀನುಪೇಟೆಯಲ್ಲಿ.

ಸ್ಕಾಟ್ಲೆಂಡಿನ ಎಡಿನ್‌ಬರೋ ಪಕ್ಕ ಮಸಲ್‌ಬರೋ ಅಂತ ಒಂದು ಕಡಲ ಊರು. ಅಲ್ಲಿನ ಹೆಂಗಸರು ಬೆನ್ನಿಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಪೇಟೆವರೆಗೆ ನಡೆದು ಹೋಗಿ ಮಾರಿ ಬರುತ್ತಿದ್ದರು. ನಮ್ಮ ಮಲ್ಪೆ, ಗಂಗೊಳ್ಳಿ ಕಡೆಯವರು ತಲೆ ಮೇಲೆ ಹೊರುತ್ತಾರೆ, ಅವರು ಬೆನ್ನ ಮೇಲೆ, ಅಷ್ಟೇ ವ್ಯತ್ಯಾಸ. 1790ರ ದಶಕದಲ್ಲಿ ಅಲ್ಲಿನ ಪಾದ್ರಿ ಅಲೆಕ್ಸಾಂಡರ್ ಕಾರ್ಲೈಲ್ ಈ ಹೆಂಗಸರ ಬಗ್ಗೆ ಬರೆದಿಟ್ಟಿದ್ದಾರೆ: ರಜೆ ದಿನ ಗಾಲ್ಫ್ ಆಡುತ್ತಾರೆ, ವರ್ಷಕ್ಕೊಮ್ಮೆ ಮದುವೆಯಾದವರಿಗೂ ಆಗದವರಿಗೂ ಫುಟ್‌ಬಾಲ್ ಪಂದ್ಯ ನಡೆಯುತ್ತೆ, ಗೆಲ್ಲುವುದು ಯಾವಾಗಲೂ ಮದುವೆಯಾದವರೇ ಅಂತ. (ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ.) 1810ರ ಡಿಸೆಂಬರಿನಲ್ಲಿ ಮಸಲ್‌ಬರೋ ಗಾಲ್ಫ್ ಕ್ಲಬ್ಬಿನವರು ಹೊಸ ವರ್ಷದ ದಿನ ಚೆನ್ನಾಗಿ ಆಡಿದ ಹೆಂಗಸಿಗೆ ಬಹುಮಾನ ಕೊಡುವುದು ಅಂತ ತೀರ್ಮಾನ ಮಾಡಿದರು. ಬಹುಮಾನ ಏನು ಗೊತ್ತಾ? ಒಂದು ಹೊಸ ಮೀನಿನ ಬುಟ್ಟಿ, ಒಂದು ಶಾಲು, ಜೊತೆಗೆ ರೇಷ್ಮೆ ಕೈವಸ್ತ್ರ. ಮರುದಿನ ಕೆಲಸಕ್ಕೆ ಬರುವಂಥ ಬಹುಮಾನ. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದದ್ದು ಇದೇ.

ಆಮೇಲೆ ಆಟ ದೊಡ್ಡವರ ಮನೆ ಸೇರಿತು, ಹೆಂಗಸರ ಜಾಗ ಕಿರಿದಾಯಿತು. 1867ರಲ್ಲಿ ಸೇಂಟ್ ಆಂಡ್ರ್ಯೂಸ್ ಊರಲ್ಲಿ ಹೆಂಗಸರದ್ದೇ ಕ್ಲಬ್ ಶುರುವಾಯಿತು ನಿಜ, ಆದರೆ ಆಡಲು ಸಿಕ್ಕಿದ್ದು ಚೆಂಡನ್ನು ಮೆಲ್ಲಗೆ ತಳ್ಳಿ ಗುಳಿಗೆ ಬೀಳಿಸುವ ಆಟ ಮಾತ್ರ. ಆ ಏರುತಗ್ಗಿನ ಹುಲ್ಲು ಜಾಗಕ್ಕೆ 'ಹಿಮಾಲಯಾಸ್' ಅಂತ ಹೆಸರು, ಈಗಲೂ ಇದೆ. ಕೋಲನ್ನು ಹೆಗಲಿಗಿಂತ ಮೇಲೆ ಎತ್ತಿ ಬೀಸುವುದು ಹೆಂಗಸರಿಗೆ ಲಕ್ಷಣವಲ್ಲ ಅಂತ ಆ ಕಾಲದವರ ಲೆಕ್ಕ. 1890ರಲ್ಲಿ ಲಾರ್ಡ್ ವೆಲ್‌ವುಡ್ ಅನ್ನುವವರು ಬರೆದೇ ಬಿಟ್ಟರು: ಹೆಂಗಸರ ಹೊಡೆತ 70-80 ಗಜ ಹೋದರೆ ಸಾಕು, ಆ ಉಡುಪಿನಲ್ಲಿ ಪೂರ್ತಿ ಬೀಸಿದರೆ ನೋಡಲು ಚಂದ ಇರಲ್ಲ ಅಂತ. ಉಡುಪು ಬದಲಾಯಿಸಿ ಅಂತ ಮಾತ್ರ ಅವರಿಗೆ ಹೊಳೆಯಲಿಲ್ಲ! ಹೆಂಗಸರೇ ಉಪಾಯ ಹುಡುಕಿಕೊಂಡರು. ಗಾಳಿಗೆ ಲಂಗ ಹಾರದ ಹಾಗೆ ಎಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ಆಡಿದರು.

ಇಲ್ಲಿ ಸ್ವಲ್ಪ ನಿಂತು ನಮ್ಮನ್ನೂ ನೋಡಿಕೊಳ್ಳೋಣ. ಗಲ್ಫಿನಲ್ಲಿ ನಾನು ನೋಡಿದ ನಮ್ಮವರ ಕ್ರೀಡಾಕೂಟಗಳಲ್ಲಿ ಗಂಡಸರಿಗೆ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ. ಹೆಂಗಸರಿಗೆ ರಂಗೋಲಿ, ಮ್ಯೂಸಿಕಲ್ ಚೇರ್, ಲಿಂಬೆಹಣ್ಣು-ಚಮಚ. ಆಮೇಲೆ ಮೈಕಿನಲ್ಲಿ "ಮಹಿಳೆಯರು ಮುಂದೆ ಬರಬೇಕು" ಅಂತ ಭಾಷಣ. ಎಲ್ಲಿಗೆ ಬರಬೇಕು ಸ್ವಾಮಿ? ಬೋರ್ಡಿನಿಂದ ಲೈನ್ ಎಳೆಯದೆ ಬಲ್ಬ್ ಯಾಕೆ ಉರಿಯಲ್ಲ ಅಂತ ಕೇಳಿದ ಹಾಗಾಯ್ತು.

ಇಂಗ್ಲೆಂಡಿನ ಹೆಂಗಸರು ಲೈನ್ ತಾವೇ ಎಳೆದರು. 1893ರಲ್ಲಿ ಇಸೆಟ್ ಪಿಯರ್ಸನ್ ಮತ್ತವರ ಗೆಳತಿಯರು ಲೇಡೀಸ್ ಗಾಲ್ಫ್ ಯೂನಿಯನ್ ಕಟ್ಟಲು ಹೊರಟಾಗ ಹೊರೇಸ್ ಹಚಿನ್‌ಸನ್ ಅನ್ನುವ ಹೆಸರಾಂತ ಆಟಗಾರ ಬೇಡ ಅಂತ ಕಾಗದ ಬರೆದರು. ಹೆಂಗಸರ ಮೈಗೆ ಇದು ಆಗುವುದಲ್ಲ, ಒಟ್ಟಿಗೆ ಬಾಳುವುದೂ ಇಲ್ಲ ಅನ್ನುವ ಧಾಟಿಯಲ್ಲಿ. ಅದೇ ವರ್ಷ ಯೂನಿಯನ್ನೂ ಆಯಿತು, ಮೊದಲ ಚಾಂಪಿಯನ್‌ಶಿಪ್ಪೂ ಆಯಿತು. ಲೇಡಿ ಮಾರ್ಗರೆಟ್ ಸ್ಕಾಟ್ 1893, 94, 95, ಮೂರೂ ವರ್ಷ ಗೆದ್ದರು. ಕೋಲನ್ನು ಹೆಗಲ ಮೇಲೆ ಪೂರ್ತಿ ಎತ್ತಿಯೇ ಹೊಡೆಯುತ್ತಿದ್ದರು.

ಆದರೆ ನನ್ನ ಪ್ರಕಾರ ದೊಡ್ಡ ಕೆಲಸ ಪಿಯರ್ಸನ್ನರದ್ದು. ಮೊದಲ ಎರಡು ಫೈನಲ್ಲಿನಲ್ಲೂ ಸೋತವರು ಅವರು. ಗಾಲ್ಫಿನಲ್ಲಿ ಕಡಿಮೆ ಆಡುವವರಿಗೆ ಕೆಲವು ಹೊಡೆತ ರಿಯಾಯಿತಿ ಕೊಟ್ಟು ಸಮ ಮಾಡುತ್ತಾರೆ, ಅದಕ್ಕೆ ಹ್ಯಾಂಡಿಕ್ಯಾಪ್ ಅನ್ನುತ್ತಾರೆ. ಆಗ ಒಂದೊಂದು ಕ್ಲಬ್ಬಿಗೆ ಒಂದೊಂದು ಲೆಕ್ಕ. ಒಂದೊಂದು ಸೈಟಿನಲ್ಲಿ ಒಂದೊಂದು ಅಳತೆ ಟೇಪ್ ಇದ್ದ ಹಾಗೆ. ಪಿಯರ್ಸನ್ ಎಲ್ಲ ಕ್ಲಬ್ಬುಗಳಿಗೂ ಒಂದೇ ಲೆಕ್ಕ ತಂದರು. ಹೊಸದಾಗಿ ಕಲಿತವಳೂ ಚಾಂಪಿಯನ್ ಜೊತೆ ಮರ್ಯಾದೆಯಿಂದ ಆಡಬಹುದು ಅಂತಾಯ್ತು. ಗಂಡಸರ ಕಡೆ ಇಂಥ ಒಂದೇ ಲೆಕ್ಕ ಬಂದದ್ದು ಎಷ್ಟೋ ವರ್ಷದ ಮೇಲೆ. ಆ ಸೇಂಟ್ ಆಂಡ್ರ್ಯೂಸಿನ ದೊಡ್ಡ ಗಂಡಸರ ಕ್ಲಬ್ ಇದೆಯಲ್ಲ, 1754ರದ್ದು, ಅದು ಹೆಂಗಸರನ್ನು ಸದಸ್ಯರಾಗಿ ಸೇರಿಸಲು ಒಪ್ಪಿದ್ದು 2014ರ ಸೆಪ್ಟೆಂಬರಿನಲ್ಲಿ. 260 ವರ್ಷ!

ಒಲಿಂಪಿಕ್ಸ್ ಕಥೆಯೂ ಹಾಗೇ. 1900ರ ಪ್ಯಾರಿಸ್‌ನಲ್ಲಿ ಗೆದ್ದ ಅಮೆರಿಕದ ಮಾರ್ಗರೆಟ್ ಆಬಟ್, ತಾನು ಗೆದ್ದದ್ದು ಒಲಿಂಪಿಕ್ಸ್ ಅಂತ ಗೊತ್ತಾಗದೆಯೇ 1955ರಲ್ಲಿ ತೀರಿಕೊಂಡರು. ಹೆಂಗಸರ ಗಾಲ್ಫ್ ಮತ್ತೆ ಒಲಿಂಪಿಕ್ಸಿಗೆ ಬಂದದ್ದು 2016ರಲ್ಲಿ.

ಇನ್ನು ನಮ್ಮ ಊರಿಗೆ, ಅಂದ್ರೆ ದುಬೈಗೆ. ಎಮಿರೇಟ್ಸ್ ಗಾಲ್ಫ್ ಕ್ಲಬ್ 1988ರಲ್ಲಿ ತೆರೆಯಿತು, 2006ರಿಂದ ಅಲ್ಲಿ ವೃತ್ತಿಪರ ಹೆಂಗಸರ ಪಂದ್ಯ ನಡೆಯಿತು; ಮೊದಲೆರಡು ಸಲವೂ ಗೆದ್ದದ್ದು ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್. 2019ರಲ್ಲಿ ಅದೇ ಪಂದ್ಯವನ್ನು ರಾತ್ರಿ ಫ್ಲಡ್‌ಲೈಟಿನಲ್ಲೂ ಆಡಿಸಿದರು. ನಾನು ಕೆಲವು ಕಾಲ ಬೇರೊಂದು ಮೈದಾನದ ದೀಪದ ಕಂಬಗಳ ಮೆಂಟೆನೆನ್ಸ್‌ನಲ್ಲಿದ್ದೆ. ಹಳೇ ಮೆಟಲ್ ಹ್ಯಾಲೈಡ್ ಲ್ಯಾಂಪ್; ಒಂದ್ಸಲ ವೋಲ್ಟೇಜ್ ಬಿದ್ದು ಆರಿದರೆ ತಣ್ಣಗಾಗಿ ಮತ್ತೆ ಹತ್ತಲು ಹತ್ತು-ಹದಿನೈದು ನಿಮಿಷ ಬೇಕು, ಅಷ್ಟೊತ್ತು ಬೈಗುಳ ನಮಗೆ. ಆದರೆ ಕಂಬದ ಮೇಲಿಂದ ಒಂದು ವಿಷಯ ಕಂಡೆ. ಹಗಲು ಹೆಂಗಸರು ಅಪರೂಪ. ಬಿಸಿಲು ಇಳಿದು ದೀಪ ಹತ್ತಿದ ಮೇಲೆ ಆಫೀಸು ಮುಗಿಸಿದ ನರ್ಸು, ಟೀಚರು, ಅಕೌಂಟೆಂಟುಗಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಅವರಿಗೆ ಆಸಕ್ತಿ ಇರಲಿಲ್ಲ ಅಂತಲ್ಲ. ಅವರ ಹೊತ್ತಿಗೆ ಮೈದಾನ ತೆರೆದಿರಲಿಲ್ಲ.

ಬೆಂಗಳೂರಿನ ಅದಿತಿ ಅಶೋಕ್ ಕಥೆ ನಿಮಗೆ ಗೊತ್ತೇ ಇರುತ್ತೆ. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಹತ್ತಿರ ತಿಂಡಿಗೆ ಹೋಗುತ್ತಿದ್ದಾಗ ಆಟ ನೋಡಿ, ಐದನೇ ವಯಸ್ಸಿಗೆ ಶುರು ಮಾಡಿದ ಹುಡುಗಿ. ರಿಯೋದಲ್ಲಿ ಅಪ್ಪ ಬ್ಯಾಗ್ ಹೊತ್ತರು, ಟೋಕಿಯೋದಲ್ಲಿ ಅಮ್ಮ. ಟೋಕಿಯೋದಲ್ಲಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ. ಆದರೆ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅವರು 2016ರಲ್ಲಿ ದೋಹಾದಲ್ಲೂ 2017ರಲ್ಲಿ ಅಬುಧಾಬಿಯಲ್ಲೂ ಟ್ರೋಫಿ ಎತ್ತಿದ್ದಾರೆ ಅಂತ? ನಾವು ಇಲ್ಲೇ ಇದ್ದೆವು, ಓವರ್‌ಟೈಮ್ ಮಾಡ್ತಾ.

ಈ ವರ್ಷದ ನಮ್ಮ ಕ್ರೀಡಾಕೂಟಕ್ಕೆ ಪಟ್ಟಿ ಇನ್ನೂ ಬರೆದಿಲ್ಲ ಅಂತ ಕೇಳಿದೆ. ರಂಗೋಲಿ ಇರಲಿ, ಬೇಡ ಅನ್ನಲ್ಲ. ಅದರ ಪಕ್ಕ ಹೆಂಗಸರ ಥ್ರೋಬಾಲಿಗೂ ಕ್ರಿಕೆಟಿಗೂ ಜಾಗ ಹಾಕಿ, ಸಂಜೆ ಏಳರ ಮೇಲೆ ಮೈದಾನ ಗೊತ್ತು ಮಾಡಿ. ಲೈಟಿನ ಜವಾಬ್ದಾರಿ ನನಗೆ ಬಿಡಿ.