ಹದಿನಾರು ವರ್ಣದ ಚಿನ್ನ

ಮುಂದಿನ ಸಲ ಚಿನ್ನದಂಗಡಿಗೆ ಹೋದಾಗ ಬಳೆಯ ಒಳಬದಿ ಒಮ್ಮೆ ನೋಡಿ. ಇಪ್ಪತ್ತೆರಡು ಕ್ಯಾರೆಟ್ಟಿನದಾದರೆ ಚಿಕ್ಕದಾಗಿ 916 ಎಂದಿರುತ್ತದೆ. ಒಟ್ಟು 24 ಭಾಗದಲ್ಲಿ 22 ಭಾಗ ಚಿನ್ನ, ಉಳಿದ 2 ಭಾಗ ತಾಮ್ರ, ಬೆಳ್ಳಿಯಂಥ ಬೇರೆ ಲೋಹ. ಅದನ್ನೇ ಸಾವಿರಕ್ಕೆ ಲೆಕ್ಕ ಹಾಕಿದರೆ ಸುಮಾರು 916. ಶಾಲೆಯಲ್ಲಿ ನಮ್ಮನ್ನು ಕಾಡಿದ ಭಿನ್ನರಾಶಿ ಇಲ್ಲಿ ನಮ್ಮ ದುಡ್ಡನ್ನು ಕಾಯುತ್ತಿದೆ!

ಈ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಜ್ಯವಾಳುತ್ತಿದ್ದ ಕಾಲ. ಸುಮಾರು ಕ್ರಿ.ಶ. 850ರಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಭಿನ್ನರಾಶಿಗೆಂದೇ 'ಕಲಾಸವರ್ಣ' ಎಂಬ ಅಧ್ಯಾಯವಿದೆ. ಬೆರಕೆಯ ಲೆಕ್ಕಗಳಿಗೆ 'ಮಿಶ್ರಕ ವ್ಯವಹಾರ' ಎಂಬ ಇನ್ನೊಂದು. ಚಿನ್ನದ ಲೆಕ್ಕ ಬರುವುದು ಈ ಎರಡನೆಯದರಲ್ಲಿ.

ಆಗ ಚಿನ್ನದ ಶುದ್ಧಿಯನ್ನು 'ವರ್ಣ'ದಲ್ಲಿ ಹೇಳುತ್ತಿದ್ದರು. ಅಪರಂಜಿಗೆ 16 ವರ್ಣ. 12 ವರ್ಣ ಎಂದರೆ ಹದಿನಾರರಲ್ಲಿ ಹನ್ನೆರಡು, ಮುಕ್ಕಾಲು ಪಾಲು ಚಿನ್ನ. ನಮ್ಮ ಇಂದಿನ 18 ಕ್ಯಾರೆಟ್ಟೂ ಅಷ್ಟೇ. ಒರೆಗಲ್ಲಿಗೆ ತಿಕ್ಕಿ, ಮೂಡಿದ ಗೆರೆಯ ಬಣ್ಣ ನೋಡಿ ವರ್ಣ ಗುರುತಿಸುತ್ತಿದ್ದರು.

ಬೇರೆ ಬೇರೆ ವರ್ಣದ ಚಿನ್ನವನ್ನು ಒಟ್ಟಿಗೆ ಕರಗಿಸಿದರೆ? ಒಂದು ಉದಾಹರಣೆ ನೋಡೋಣ. 16 ವರ್ಣದ್ದು 4 ಗದ್ಯಾಣ, 10 ವರ್ಣದ್ದು 2 ಗದ್ಯಾಣ. ಹದಿನಾರು ಮತ್ತು ಹತ್ತರ ನಡುವೆ ಹದಿಮೂರು ಎಂದುಬಿಡಬಹುದು. ಆದರೆ ಅದು ತಪ್ಪು. ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು ಎನ್ನುತ್ತದೆ ಹಳೆಯ ಸೂತ್ರ. 64ಕ್ಕೆ 20 ಸೇರಿ 84. ಅದನ್ನು 6ರಿಂದ ಭಾಗಿಸಿದರೆ 14 ವರ್ಣ. ಹದಿಮೂರೆಂದು ಒಪ್ಪಿಕೊಂಡವನಿಗೆ ಆರು ಗದ್ಯಾಣದಲ್ಲಿ ಗದ್ಯಾಣದ ಎಂಟನೇ ಮೂರು ಪಾಲು ಅಪರಂಜಿ ಕೈತಪ್ಪಿತು! ಲೆಕ್ಕ ಬಲ್ಲವನ ಮುಂದೆ ಬಾರದವನು ಕಳೆದುಕೊಳ್ಳುತ್ತಿದ್ದುದು ಇಂಥದ್ದನ್ನೇ.

ಈ ವಿದ್ಯೆ ಒಂದೇ ಭಾಷೆಯಲ್ಲಿ ನಿಲ್ಲಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಮಹಾವೀರರ ಗ್ರಂಥವನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರ ಗಣಿತ' ಬರೆದ. ಮೂಲ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು.

ಹದಿನಾರರ ಲೆಕ್ಕ ನಮ್ಮ ಮಾತಿನಲ್ಲೂ ಉಳಿದಿದೆ. ಕಾಲು, ಅರೆಕಾಲು, ಹದಿನಾರನೇ ಒಂದಕ್ಕೆ ವೀಸ. 1957ರಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕ ಹೋಯಿತು, 'ಹದಿನಾರಾಣೆ ನಿಜ' ಎಂಬ ಮಾತು ಹೋಗಲಿಲ್ಲ. ಪರಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅರ್ಧ, ಕಾಲು ಗೊತ್ತು, ವೀಸ ಗೊತ್ತಿರಲಿಕ್ಕಿಲ್ಲ. ಹಳೆಯ ಒಡವೆ ಕರಗಿಸಲು ಕೊಡುವಾಗ ಅವರನ್ನೂ ಕರೆದೊಯ್ಯಿರಿ. ಮೇಲಿನ ಲೆಕ್ಕವನ್ನು ಅವರಿಂದಲೇ ಮಾಡಿಸಿ.