ಕಿಲ್ಲಾರಿಯ ಗೋಡೆಗಳು ಹೇಳಿದ್ದು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 4 ಗಂಟೆಗೆ ತುಸು ಮೊದಲು, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಹಿಂದಿನ ದಿನ ಗಣಪತಿಯನ್ನು ಕಳುಹಿಸಿ ಜನ ದಣಿದು ಮಲಗಿದ್ದರು. ನಮ್ಮ ಬೀದರ್, ಕಲಬುರಗಿ ಕಡೆಯೂ ನೆಲ ನಡುಗಿತು. ಭೂಕಂಪದ ಪ್ರಮಾಣ ಸುಮಾರು 6.2, ಅತಿ ದೊಡ್ಡದೇನಲ್ಲ. ಸತ್ತವರು ಮಾತ್ರ ಸಾವಿರಾರು. ಏಕೆ?

ಉತ್ತರ ಅವಶೇಷಗಳಲ್ಲೇ ಇತ್ತು. ಹಾನಿ ಅಂದಾಜು ಮಾಡುವವರು ಊರೂರು ತಿರುಗಿ, ಯಾವ ಮನೆ ಬಿದ್ದಿದೆ, ಯಾವುದು ಬರೀ ಬಿರುಕು ಬಿಟ್ಟಿದೆ ಎಂದು ಗುರುತಿಸಿ ತೀವ್ರತೆಯ ನಕ್ಷೆ ಬರೆಯುತ್ತಾರೆ. ಇಲ್ಲಿ ಕಂಡದ್ದು, ಸಿಮೆಂಟಿಲ್ಲದೆ ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಗೋಡೆಯೇ ಮಲಗಿದವರ ಮೇಲೆ ಬಿತ್ತು.

ಮರುಕಂಪನಗಳನ್ನು ಹಿಡಿಯಲು ಹೊತ್ತೊಯ್ಯಬಲ್ಲ ಭೂಕಂಪಮಾಪಕಗಳು ಬಂದವು. ಮೊದಲ ಅಲೆಗೂ ಎರಡನೆಯ ಅಲೆಗೂ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿ, ಕಂಪನ ಎಷ್ಟು ಕಿಲೋಮೀಟರ್ ದೂರವೆಂದು ಸ್ಥೂಲವಾಗಿ ತಿಳಿಯುತ್ತದೆ. ಮೂರು ಕಡೆಯ ಲೆಕ್ಕ ಸೇರಿದರೆ ಜಾಗವೂ ಸಿಗುತ್ತದೆ. ಕಾಗದದ ಮೇಲೆ ಮೂರು ವೃತ್ತ ಎಳೆದು ನೀವೇ ನೋಡಿ.

ನನ್ನನ್ನು ಕಾಡುವುದು ಬೇರೊಂದು ಸಂಗತಿ. 1992ರ ಕೊನೆಯಲ್ಲೇ ಕಿಲ್ಲಾರಿಯಲ್ಲಿ ಮೇಲಿಂದ ಮೇಲೆ ಸಣ್ಣ ಕಂಪನಗಳಾಗಿದ್ದವು. ಆಮೇಲೆ ತಗ್ಗಿದವು. ಅವು ದೊಡ್ಡದೊಂದರ ಮುನ್ಸೂಚನೆಯೆಂದು ಗೊತ್ತಾದದ್ದು, ಅದು ಆಗಿಹೋದ ಮೇಲೆಯೇ.