ಕಲ್ಲಿನ ಮೇಲಿನ ನವೀಕರಣ

ಹುಬ್ಬಳ್ಳಿ-ಧಾರವಾಡದ ನಮಗೆ ಅಮ್ಮಿನಬಾವಿ ನೆನಪಾಗೋದು ನಳದಾಗ ನೀರು ಬರದಿದ್ದಾಗ ಮಾತ್ರ. ಮಲಪ್ರಭೆಯ ನೀರು ಶುದ್ಧವಾಗಿ ನಮ್ಮ ಕಡೆ ಬರೋದು ಅಲ್ಲಿನ ಘಟಕದಿಂದ. ನಾನು ಮೊನ್ನೆ ಆ ಊರಿಗೆ ಹೋದದ್ದು ಬೇರೆ ಕೆಲಸಕ್ಕೆ. ಒಂದು ದೊಡ್ಡಾಟದ ಮೇಳಕ್ಕೆ ಸರ್ಕಾರಿ ಧನಸಹಾಯದ ಅರ್ಜಿ ತುಂಬಿಕೊಡಬೇಕಿತ್ತು.

ಕಟ್ಟೆ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಸಂಘದ ನೋಂದಣಿ ಪತ್ರ, ಆಡಿಟ್ ವರದಿ, ಹಳೆಯ ಕಾರ್ಯಕ್ರಮಗಳ ಫೋಟೊ, ಪೇಪರ್ ಕಟಿಂಗ್ ಕೇಳಿದೆ. ಮೇಳದ ಹಿರಿಯ ಮಾಸ್ತರು ಒಂದು ಟ್ರಂಕು ತಂದಿಟ್ಟರು. ಒಳಗಿದ್ದದ್ದು ಕಿರೀಟ, ಭುಜಕೀರ್ತಿ, ಕೈಬರಹದ ಪದಗಳ ವಹಿ.

“ತಮ್ಮಾ, ಇದಕ್ಕಿಂತ ದೊಡ್ಡ ಸಾಕ್ಷಿ ಏನ್ ಬೇಕಪಾ?”

ಉತ್ತರ ನನ್ನ ಹತ್ರ ಇರಲಿಲ್ಲ. ನೆನಪಾದದ್ದು ಅದೇ ಮಲಪ್ರಭೆಯ ದಂಡೆಯಲ್ಲಿರುವ ಪಟ್ಟದಕಲ್ಲು. ಅಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಗಂಡ ಇಮ್ಮಡಿ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ. ಕಟ್ಟಿದ ಗುಂಡ ಎಂಬ ಶಿಲ್ಪಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತು. ಅದು ಎಲ್ಲರಿಗೂ ಗೊತ್ತಿರೋ ಕಥೆ. ಅಲ್ಲೇ ಇನ್ನೊಂದು ಸಣ್ಣ ಕನ್ನಡ ಶಾಸನವಿದೆ. ಮಾವ ವಿಜಯಾದಿತ್ಯ ಗಂಧರ್ವರಿಗೆ, ಅಂದರೆ ಹಾಡುಗಾರರಿಗೆ, ಕೊಟ್ಟಿದ್ದನ್ನು ಲೋಕಮಹಾದೇವಿ ಮತ್ತೆ ಖಾಯಂ ಮಾಡಿದಳು ಎಂಬುದು ಅದರ ತಿರುಳು.

ಒಮ್ಮೆ ಕೊಟ್ಟದ್ದನ್ನು ಮತ್ತೆ ಯಾಕೆ ಖಾಯಂ ಮಾಡಬೇಕು? ಅರಸ ಬದಲಾದರೆ ಕೊಟ್ಟ ಮಾತೂ ಬದಲಾಗಬಹುದು ಅನ್ನುವ ಅಂಜಿಕೆ ಅಂದೂ ಇದ್ದಿರಬೇಕು. ಅದಕ್ಕೇ ದಾನವನ್ನು ಕಲ್ಲಿಗೆ ಹಾಕಿದರು. ನಮ್ಮ ಎಷ್ಟೋ ದಾನಶಾಸನಗಳು ಕೊನೆಗೆ ಶಾಪ ಹಾಕ್ತವೆ: ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಆ ದಾನ ಬಹಳ ಸಲ ಭೂಮಿಯಾಗಿರುತ್ತಿತ್ತು; ವರ್ಷಾ ವರ್ಷಾ ಬೆಳೆ ಬರುತ್ತಿತ್ತು. ಇಂದಿನ ಧನಸಹಾಯ ಸಾಮಾನ್ಯವಾಗಿ ಒಂದು ಕಾರ್ಯಕ್ರಮದ ಖರ್ಚಿಗೆ. ಆಟ ಮುಗೀತು, ಲೆಕ್ಕ ಮುಗೀತು.

ಹಾಗಂತ ಹಳೆಯದೆಲ್ಲ ಬಂಗಾರ ಅನ್ನೋ ಹಂಗಿಲ್ಲ. ಕಲ್ಲಿನ ಮೇಲೆ ಹೆಸರು ಬಂದದ್ದು ಹೆಚ್ಚಾಗಿ ಅರಮನೆಗೆ, ಗುಡಿಗೆ ಹತ್ತಿರ ಇದ್ದವರದು. ಊರ ಬಯಲಲ್ಲಿ ಕುಣಿದವರನ್ನು ಬರೆದಿಟ್ಟವರು ಕಡಿಮೆ. ಇಂದು ಅವರೂ ಕೇಳಬಹುದು, ಯಾರ ಕೃಪೆಯೂ ಬೇಡ. ಅದು ಸಣ್ಣ ಮಾತಲ್ಲ. ಆದರೆ ಕೇಳೋದಕ್ಕೆ ಬೇಕಾದ ಭಾಷೆ ಮಾತ್ರ ನಮ್ಮಂಥವರ ಕೈಯಲ್ಲಿದೆ. ಆಫೀಸಿನಲ್ಲಿ ದಿನಾ ಬಜೆಟ್ ಶೀಟು, ಪ್ರಪೋಸಲ್ಲು ಬರೆಯೋ ನಮಗೆ ಅದು ಎರಡು ತಾಸಿನ ಕೆಲಸ. ಅವರಿಗೆ ಅದು ಆಟ ನಡೆಯುತ್ತೋ ನಿಲ್ಲುತ್ತೋ ಅನ್ನೋ ಪ್ರಶ್ನೆ.

ಆವತ್ತು ವೇಷಗಳ ಫೋಟೊ ತೆಗೆದೆ, ವಹಿಯ ಪುಟಗಳನ್ನು ಸ್ಕ್ಯಾನ್ ಮಾಡಿದೆ. ಅರ್ಜಿ ಸಲ್ಲಿಕೆಯಾಯಿತು.

“ಮುಂದಿನ ವರ್ಷ?” ಅಂದರು ಮಾಸ್ತರು.

“ಮತ್ತ ಹಾಕಬೇಕಾಗ್ತದ್ರಿ ಅಜ್ಜಾರ.”

ಅವರು ವಹಿಯ ಕೊನೇ ಪುಟ ತೆಗೆದು ಪೆನ್ನು ನನ್ನ ಕೈಗೆ ಕೊಟ್ಟರು. “ಹಂಗಾರ ನಿನ್ನ ನಂಬರ್ ಇಲ್ಲಿ ಬರದು ಹೋಗು.”

ಬರೆದೆ. ಕಲ್ಲಲ್ಲ, ಬರೇ ಕಾಗದ. ಆದರೂ ಕೈ ಸ್ವಲ್ಪ ನಡುಗಿತು.